ತೋರಿಸುವ ಸೀರೆಯ ಹಾಲಮ್ಮಕ್ಕ

ಉಡುಗೊರೆಯ ಕಾರ್ಡು ಕೈಗೆ ಕೊಟ್ಟರೆ ಹಾಲಮ್ಮಕ್ಕ ಮೊದಲು ಅದರ ಬೆಲೆ ನೋಡುತ್ತಿರಲಿಲ್ಲ. ಬಲಗೈಯಲ್ಲಿ ಕಾರ್ಡು, ಎಡಗೈ ಎದೆಯ ಮೇಲೆ, ಕಣ್ಣು ಬಾಗಿಲಿನ ಕಡೆಗೆ. ಓಣಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸಣ್ಣ ದನಿಯಲ್ಲಿ ಕೇಳುತ್ತಿದ್ದಳು: “ಕೊಟ್ಟೋರು ಯಾರವ್ವ?” ಗಂಡನ ಗೆಳೆಯರು ಕೊಟ್ಟದ್ದು ಎಂದರೆ ಅರ್ಧ ಉಸಿರು ಬಿಡುತ್ತಿದ್ದಳು. ಸೋದರಮಾವ ಎಂದರೆ ಹುಬ್ಬು ಗಂಟಿಕ್ಕುತ್ತಿದ್ದಳು. ನಾದಿನಿ ಎಂದರಂತೂ ಕಾರ್ಡನ್ನು ಚಾಪೆಯ ಮೇಲಿಟ್ಟು, ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದು ಬರುತ್ತಿದ್ದಳು. ಹೆದರಿಕೆಯಾದಾಗ ನೀರು ಕುಡಿಯುವುದು ಅವಳ ಅಭ್ಯಾಸ. ಅವಳಿಗೆ ಹೆದರಿಕೆಯಾಗದ ಹೊತ್ತು ಕಡಿಮೆಯಾದ್ದರಿಂದ ಮನೆಯಲ್ಲಿ ಕೊಡ ಯಾವಾಗಲೂ ಅರ್ಧ ಖಾಲಿ ಇರುತ್ತಿತ್ತು.

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದು ಎರಡು ಕೋಣೆಯ ಮನೆ. ಬಾಗಿಲ ಮೇಲೆ ‘ಇಲ್ಲಿ ಸೀರೆಗೆ ಫಾಲ್ ಹಚ್ಚಿ ಕೊಡಲಾಗುವುದು’ ಎಂಬ ತಗಡಿನ ಬೋರ್ಡು. ಫಾಲ್ ಹಚ್ಚುತ್ತಿದ್ದದ್ದೂ ನಿಜ, ನೀಟಾಗಿ ಹಚ್ಚುತ್ತಿದ್ದದ್ದೂ ನಿಜ. ಆದರೆ ಊರಿನ ಸೊಸೆಯಂದಿರು ಸೆರಗಿನೊಳಗೆ ಕೈ ಮುಚ್ಚಿಕೊಂಡು ಅವಳ ಮನೆಗೆ ಹೋಗುತ್ತಿದ್ದುದು ಬೇರೆ ಕೆಲಸಕ್ಕೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆ ಮದುವೆ, ಗೃಹಪ್ರವೇಶಗಳಲ್ಲಿ ಸ್ಟೀಲ್ ಡಬ್ಬಿ, ಗೋಡೆ ಗಡಿಯಾರ ಕೊಟ್ಟು ಕೊಟ್ಟು ಜನ ಬೇಸತ್ತಿದ್ದರು. ಅಷ್ಟರಲ್ಲಿ ದಾವಣಗೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯವರು ಗಿಫ್ಟ್ ಕಾರ್ಡು ತಂದರು. ಕೆಂಪು ರಟ್ಟು, ಮೇಲೆ ಬಂಗಾರದ ಬಣ್ಣದ ಗಣಪತಿ, ಒಳಗೆ ಇಷ್ಟು ರೂಪಾಯಿ ಎಂದು ಅಚ್ಚು. ಅಷ್ಟು ಬೆಲೆಯ ಬಟ್ಟೆಯನ್ನು ಅದೇ ಅಂಗಡಿಯಲ್ಲಿ, ಅದರಲ್ಲಿ ಬರೆದ ತಾರೀಖಿನೊಳಗೆ ತೆಗೆದುಕೊಳ್ಳಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ ‘ನಗದು ಕೊಡಲಾಗುವುದಿಲ್ಲ’ ಎಂದಿರುತ್ತಿತ್ತು. ಆ ಸಣ್ಣ ಅಕ್ಷರವೇ ಹಾಲಮ್ಮಕ್ಕನ ಜೀವನೋಪಾಯ. ಅಂಗಡಿಯವರು ಕೊಡದ ನಗದನ್ನು ಅವಳು ಕೊಡುತ್ತಿದ್ದಳು, ತನ್ನ ಪಾಲು ಅಷ್ಟಿಷ್ಟು ಮುರಿದುಕೊಂಡು. ವಾರಕ್ಕೊಮ್ಮೆ ಕಾರ್ಡುಗಳನ್ನೆಲ್ಲ ಸೊಂಟದ ಸಂಚಿಯಲ್ಲಿಟ್ಟುಕೊಂಡು ದಾವಣಗೆರೆಗೆ ಹೋಗಿ ಸೀರೆ, ಕುಬಸದ ಖಣ ತರುತ್ತಿದ್ದಳು. ಅವನ್ನು ಗಂಟು ಕಟ್ಟಿ ಕೊಟ್ಟೂರಿನ ಮನೆಮನೆಗೆ, ಕೂಡ್ಲಿಗಿಗೆ, ಹಗರಿಬೊಮ್ಮನಹಳ್ಳಿ ಸಂತೆಗೆ ಹೊತ್ತು ಮಾರುತ್ತಿದ್ದಳು.

ಇಷ್ಟು ಅಂಜುವ ಹೆಂಗಸು ಇಂಥ ವ್ಯಾಪಾರಕ್ಕೆ ಯಾಕೆ ಕೈ ಹಾಕಿದಳೋ. ಗಂಡ ತೀರಿಕೊಂಡಿದ್ದ, ಕೂಡ್ಲಿಗಿಗೆ ಕೊಟ್ಟ ಒಬ್ಬಳೇ ಮಗಳು. ಒಮ್ಮೆ ಒಂದು ಕಾರ್ಡಿನ ತಾರೀಖು ಮುಗಿದುಹೋಗಿ ಅಂಗಡಿಯವರು ತಿರುಗಿಸಿ ಕಳಿಸಿದ್ದರಂತೆ. ಅಂದಿನಿಂದ ಕಾರ್ಡು ತಂದವರಿಂದಲೇ ತಾರೀಖು ಓದಿಸುವಳು. “ಓದವ್ವ. ಇನ್ನೊಮ್ಮಿ ಓದು. ತಿಂಗಳ ಹೆಸರು ಹೇಳಿ ಓದು.” ಅವಳಿಗೆ ಓದಲು ಬರುತ್ತಿರಲಿಲ್ಲ ಎಂದಲ್ಲ, ತನ್ನ ಕಣ್ಣನ್ನು ತಾನೇ ನಂಬುತ್ತಿರಲಿಲ್ಲ. ಅಂಗಡಿಯ ಗಲ್ಲಾದಲ್ಲಿ ಕೂತವರು “ಏನಮ್ಮ, ಇಷ್ಟೊಂದು ಕಾರ್ಡು ನಿನಗೆಲ್ಲಿಂದ ಬಂದವು” ಎಂದು ಕೇಳಿದರೆ “ನಮ್ಮ ಮನ್ಯಾಗ ಮದಿವಿ ಭಾಳರಿ” ಎಂದು ನೆಲ ನೋಡುತ್ತ ಹೇಳಿ, ಹೊರಗೆ ಬಂದು ನೀರು ಹುಡುಕುತ್ತಿದ್ದಳಂತೆ. ಇದನ್ನು ಅವಳೇ ಹೇಳಿ ನಗುತ್ತಿದ್ದಳು.

ಆದರೆ ಅವಳ ಹೆದರಿಕೆಯೆಲ್ಲ ಅಂಗಡಿಯದಲ್ಲ. “ಕಾರ್ಡು ಮಾರಿದ್ರ ಕಾರ್ಡು ಹೋತವ್ವ. ಕೊಟ್ಟೋರು ಎಲ್ಲಿ ಹೋಗ್ತಾರ? ನಾಳಿಗಿ ಬಂದು, ಏನ್ ತಗೊಂಡಿ ತೋರ್ಸು ಅಂತಾರ” ಎನ್ನುತ್ತಿದ್ದಳು. ಅದು ನಮ್ಮ ಕಡೆಯ ಪದ್ಧತಿಯೇ. ಉಡುಗೊರೆ ಕೊಟ್ಟವರು ಮುಂದಿನ ಸಲ ಬಂದಾಗ ಚಹಾ ಕುಡಿಯುವ ಮೊದಲು ಅದನ್ನು ಕೇಳುತ್ತಾರೆ. ಪಾತ್ರೆ ಕೊಟ್ಟವರು ಪಾತ್ರೆ ಹುಡುಕುತ್ತಾರೆ, ಗಡಿಯಾರ ಕೊಟ್ಟವರು ಗೋಡೆ ನೋಡುತ್ತಾರೆ. ಕಾರ್ಡು ಕೊಟ್ಟವರು ಸೀರೆ ಕೇಳುತ್ತಾರೆ. ಮಾರಿಕೊಂಡಳೆಂದು ಗೊತ್ತಾದರೆ ಸೊಸೆಯ ಗತಿ ಮುಗಿಯಿತು. ಯಾವ ಖರ್ಚಿಗೆ ರೊಕ್ಕ ಬೇಕಾಯಿತು, ಮನೆಯಲ್ಲಿ ಏನು ಕಡಿಮೆಯಾಗಿತ್ತು ಎಂದು ಊರೆಲ್ಲ ಮಾತಾಗುತ್ತದೆ.

ಅದಕ್ಕಾಗಿಯೇ ಹಾಲಮ್ಮಕ್ಕ ತನ್ನ ಟ್ರಂಕಿನಲ್ಲಿ ಒಂದು ಸೀರೆ ಇಟ್ಟಿದ್ದಳು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಹಸಿರು ಅಂಚು. ಭಾರೀ ಎನ್ನುವಂತಿಲ್ಲ, ಅಗ್ಗ ಎನ್ನುವಂತೆಯೂ ಇಲ್ಲ. ಯಾರು ಯಾವ ಬೆಲೆ ಹೇಳಿದರೂ ನಂಬಬಹುದಾದ ಸೀರೆ. ಅದು ಮಾರಾಟಕ್ಕಿರಲಿಲ್ಲ. ಕಾರ್ಡು ಮಾರಿದವರಿಗೆ ಅದನ್ನು, ಉಡುಗೊರೆ ಕೊಟ್ಟವರು ಬಂದು ಹೋಗುವ ತನಕ, ಇಟ್ಟುಕೊಳ್ಳಲು ಕೊಡುತ್ತಿದ್ದಳು. ಅವರು ಅದನ್ನು ತೋರಿಸಿ, ಹಾಗೆಯೇ ಮಡಚಿ ತಂದುಕೊಡಬೇಕು. ಅದಲುಬದಲಾಗಬಾರದೆಂದು ಒಳಸೆರಗಿನ ಮೂಲೆಯಲ್ಲಿ ಹಳದಿ ದಾರದಿಂದ ನಾಲ್ಕು ಹೊಲಿಗೆ ಹಾಕಿದ್ದಳು. ಆ ಸೀರೆ ಎಷ್ಟು ಮನೆಗಳಲ್ಲಿ ಯಾರು ಯಾರ ಉಡುಗೊರೆಯಾಗಿ ಮೆರೆದು ಬಂದಿತ್ತೋ, ಅವಳು ಒಬ್ಬರ ಹೆಸರನ್ನೂ ಇನ್ನೊಬ್ಬರಿಗೆ ಹೇಳಿದವಳಲ್ಲ.

ನಾನು ಮಾಗಳದವಳು. ಕೊಟ್ಟೂರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ದಿನ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತು. ಕೈ ತೆಗೆದೆ, ಮತ್ತೆ ಮುಟ್ಟಿ ನೋಡಿದೆ, ಅಲ್ಲೇ ಇತ್ತು. ನಮ್ಮ ಚಿಕ್ಕವ್ವ ಇಂಥದೇ ಗಂಟಿನಿಂದ ಸತ್ತಿದ್ದಳು. ಆ ಸುದ್ದಿಯನ್ನು ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮ ಅಪ್ಪ ಎತ್ತಿರಲಿಲ್ಲ. ಈಗ ನಾನು ಬಾಯಿ ಬಿಟ್ಟರೆ ಗಂಟಿಗಿಂತ ಮೊದಲು ಆ ಮಾತು ಹೊರಗೆ ಬರುತ್ತದೆ, ವಂಶದಲ್ಲಿದ್ದದ್ದನ್ನು ಮುಚ್ಚಿಟ್ಟು ಹೆಣ್ಣು ಕೊಟ್ಟರು ಎಂದು. ನನ್ನ ಗಂಡ ಒಳ್ಳೆಯವರು. ಆದರೆ ಅವರ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ನಾನು ಹೇಳಿದ್ದು ಅತ್ತೆಗೆ, ಅತ್ತೆ ಹೇಳಿದ್ದು ನನಗೆ, ಎಲ್ಲವೂ ಅವರಿಂದಲೇ ಗೊತ್ತಾಗುತ್ತಿತ್ತು. ಹಾಗಾಗಿ ಯಾರಿಗೂ ಹೇಳದೆ, ದಿನಾ ಮುಟ್ಟಿ ನೋಡಿಕೊಳ್ಳುತ್ತ ಓಡಾಡಿಕೊಂಡಿದ್ದೆ.

ನನ್ನ ಹತ್ತಿರ ಸ್ವಂತದ್ದು ಅಂತ ಇದ್ದದ್ದು ಒಂದು ಕಾರ್ಡು. ಹರಪನಹಳ್ಳಿಗೆ ಕೊಟ್ಟಿದ್ದ ನಮ್ಮ ಹಿರಿಯ ನಾದಿನಿ ಗೌರಕ್ಕ ಮದುವೆಯಲ್ಲಿ ಕೊಟ್ಟದ್ದು, ದೊಡ್ಡ ಮೊತ್ತದ್ದು. ಅದನ್ನು ಮಾರಿದರೆ ಡಾಕ್ಟರಿಗೆ ರೊಕ್ಕ ಆಗುತ್ತಿತ್ತು, ಆದರೆ ದಾವಣಗೆರೆಗೆ ಹೋಗಲು ನೆಪ ಇರುತ್ತಿರಲಿಲ್ಲ. ಇಟ್ಟುಕೊಂಡರೆ ಸೀರೆ ತರುವ ನೆಪ ಇತ್ತು, ರೊಕ್ಕ ಇರಲಿಲ್ಲ. ಎರಡೂ ಬೇಕಾಗಿತ್ತು. ಕಡೆಗೆ ಫಾಲ್ ಹಚ್ಚಿಸುವ ಸೀರೆಯೊಂದನ್ನು ಕೈಯಲ್ಲಿ ಹಿಡಿದು ಹಾಲಮ್ಮಕ್ಕನ ಮನೆಗೆ ಹೋದೆ.

ಗೌರಕ್ಕನ ಹೆಸರು ಕೇಳಿದ್ದೇ ಅವಳು ಒಳಗೆ ಹೋಗಿ ನೀರು ಕುಡಿದು ಬಂದಳು.

“ಗೌರವ್ವನ ಕಾರ್ಡಾ? ಆಕಿ ಸೀರಿ ಹಿಡದು ನೂಲು ಎಣಿಸಾಕಿ. ಬ್ಯಾಡವ್ವ, ಇದನ್ನ ಮಾರಬ್ಯಾಡ.”

“ಬೇಕಾಗೈತಿ ಅಕ್ಕಾ.”

“ಮನ್ಯಾಗ ಕೇಳಿದ್ರ ಕೊಡಂಗಿಲ್ಲಾ?”

“ಕೇಳಾಕ ಬರಂಗಿಲ್ಲ.”

ಅವಳು ಯಾಕೆ ಎಂದು ಕೇಳಲಿಲ್ಲ. ಯಾರನ್ನೂ ಕೇಳುತ್ತಿರಲಿಲ್ಲವಂತೆ. ನಾನೇ ತಡೆಯಲಾರದೆ, ದಾವಣಗೆರೆಯಲ್ಲಿ ಹೆಣ್ಣು ಡಾಕ್ಟರು ಯಾರಿದ್ದಾರೆ ಎಂದು ಕೇಳಿಬಿಟ್ಟೆ. ಹಾಲಮ್ಮಕ್ಕ ನನ್ನ ಮುಖ ನೋಡಿದಳು, ಎದೆಯ ಮೇಲಿದ್ದ ತನ್ನ ಕೈಯನ್ನು ಇಳಿಸಿದಳು. ಅಂಜುಬುರುಕಿಯ ದನಿ ಅವತ್ತು ಮೊದಲ ಸಲ ಗಟ್ಟಿಯಾಗಿತ್ತು.

“ಕಾರ್ಡು ನಾ ತಗೊಂತೀನಿ. ರೊಕ್ಕ ತಗೋ. ಆದ್ರ ಮಾರೀವಿ ಅಂತ ಯಾರಿಗೂ ಗೊತ್ತಿಲ್ಲಲ್ಲ? ಸೀರಿ ತರಾಕ ಅಂತ ನನ್ನ ಜೊತಿಗಿ ಬಾ. ಸೀರಿ ನನ್ನ ಟ್ರಂಕಿನ್ಯಾಗ ಐತಿ.”

ತನ್ನ ಪಾಲನ್ನು ಮಾತ್ರ ಎಂದಿನಂತೆಯೇ ಮುರಿದುಕೊಂಡಳು. ನನಗೆ ಯಾಕೋ ಅದರಿಂದ ಧೈರ್ಯ ಬಂತು. ಕರುಣೆ ತೋರಿಸಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಮರುದಿನ ತಾನೇ ನಮ್ಮ ಮನೆಗೆ ಬಂದು ಅತ್ತೆಯ ಮುಂದೆ ಕೂತಳು. “ಯಕ್ಕಾ, ನಿಮ್ಮ ಸೊಸಿ ಕಾರ್ಡಿನ ತಾರೀಖು ಮುಗ್ಯಾಕ ಬಂದೈತಿ. ನಾ ಹೆಂಗೂ ಹೊಂಟೀನಿ, ಕರಕೊಂಡು ಹೋಗಿ ಬರ್ತೀನಿ” ಎಂದಳು. ಅತ್ತೆಗೆ ಸೀರೆ ದಂಡವಾಗುವುದು ಸಹಿಸುವ ಮಾತಲ್ಲ. ಹೋಗಿ ಬಾ ಎಂದರು.

ಬಸ್ಸಿನಲ್ಲಿ ನನಗೆ ಆಸ್ಪತ್ರೆಯ ಹೆದರಿಕೆ, ಅವಳಿಗೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹೆದರಿಕೆ. ಗೌರಕ್ಕನ ಮನೆ ಅಲ್ಲೇ ಹತ್ತಿರ. ಬಸ್ಸು ನಿಂತಷ್ಟು ಹೊತ್ತೂ ಹಾಲಮ್ಮಕ್ಕ ನನ್ನ ತಲೆಯ ಮೇಲೆ ನನ್ನ ಸೆರಗು, ಅದರ ಮೇಲೆ ತನ್ನ ಸೆರಗನ್ನೂ ಎಳೆದು ಹಿಡಿದಿದ್ದಳು. “ಸೀರಿ ತರಾಕ ಹೊಂಟವರು ಯಾಕ ಅಂಜಬೇಕು ಅಕ್ಕಾ” ಎಂದರೆ, “ಅದೂ ಖರೇನ. ಆದ್ರ ಆಕಿ ಸಿಕ್ಕರ ನಾನೂ ಬರ್ತೀನಿ, ಸೀರಿ ಆರಿಸಿಕೊಡ್ತೀನಿ ಅಂತ ಹತ್ತಿಬಿಟ್ರ?” ಎಂದಳು. ನನಗೆ ಅದು ಹೊಳೆದಿರಲೇ ಇಲ್ಲ. ಬಸ್ಸು ಬಿಡುವ ತನಕ ನಾನೂ ಉಸಿರು ಹಿಡಿದು ಕೂತೆ.

ಡಾಕ್ಟರಮ್ಮ ಪರೀಕ್ಷೆ ಮಾಡುವಾಗ ಹಾಲಮ್ಮಕ್ಕ ಹೊರಗಿನ ಬೆಂಚಿನ ಮೇಲಿದ್ದಳು. ಗಂಟಿಗೆ ಸೂಜಿ ಹಾಕಿ ಒಳಗಿನದನ್ನು ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ಈಗಲೇ ಏನೂ ಹೇಳಲಾಗುವುದಿಲ್ಲ, ಮುಂದಿನ ವಾರ ರಿಪೋರ್ಟ್ ಬರುತ್ತದೆ ಎಂದರು. ಹೊರಗೆ ಬಂದಾಗ ಅವಳು ತನ್ನ ಸಂಚಿಯಿಂದ ಒಂದು ಪೆಪ್ಪರಮೆಂಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಚಿಕ್ಕ ಹುಡುಗಿಗೆ ಕೊಟ್ಟ ಹಾಗೆ. ರಿಪೋರ್ಟ್ ತರಲು ನಾನು ಮತ್ತೆ ಬರುವಂತಿರಲಿಲ್ಲ. ಒಂದು ಕಾರ್ಡಿಗೆ ಎರಡು ಸಲ ದಾವಣಗೆರೆ ಎಂದರೆ ಯಾರು ನಂಬುತ್ತಾರೆ?

“ನಾ ಬರ್ತೀನಲ್ಲ ವಾರಾವಾರ. ನರ್ಸಮ್ಮನ ಕೇಳಿಕೊಂಡು ಬರ್ತೀನಿ” ಎಂದಳು. “ನಿಮ್ಮ ಅತ್ತಿ ಮುಂದ ಹೇಳಾಕ ಬರಂಗಿಲ್ಲ. ಒಂದು ಕೆಲಸ ಮಾಡೂನು. ಹೆದರೋದು ಏನೂ ಇಲ್ಲ ಅಂದ್ರ ಹಸರು ಖಣ ತರ್ತೀನಿ, ನೀ ಕೇಳಿದ್ದು ಅಂತ ಕೊಡ್ತೀನಿ. ಇಲ್ಲಾಂದ್ರ ಖಣ ಸಿಗಲಿಲ್ಲ ಅಂತೀನಿ. ಆಗ ನೀ ಮನಿಗಿ ಬಾ. ಕುಂತು ಮಾತಾಡೂನು.”

ತೋರಿಸುವ ಸೀರೆಯನ್ನು ಅವತ್ತು ಸಂಜೆಯೇ ಅತ್ತೆಗೆ ತೋರಿಸಿದೆ. ಅವರು ಮೆಚ್ಚಿದರು. ಎರಡು ದಿನ ಪೆಟ್ಟಿಗೆಯಲ್ಲಿಟ್ಟೆ. ಆದರೆ ಅದರ ಮುಖ ನೋಡಿದಾಗಲೆಲ್ಲ ಆಸ್ಪತ್ರೆಯ ವಾಸನೆ ನೆನಪಾಗುತ್ತಿತ್ತು. ಫಾಲ್ ಹಚ್ಚಿಸಿ ತರುತ್ತೇನೆಂದು ಹೇಳಿ ಒಯ್ದು ವಾಪಸ್ ಕೊಟ್ಟುಬಿಟ್ಟೆ. “ಕೊಟ್ಟಾಕಿ ಇನ್ನೂ ನೋಡಿಲ್ಲಲ್ಲವ್ವ” ಎಂದು ಹಾಲಮ್ಮಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ.

ಮುಂದಿನ ವಾರ ಹಾಲಮ್ಮಕ್ಕ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಹೋದ ದಿನವೇ, ಹತ್ತು ಗಂಟೆಯ ಸುಮಾರಿಗೆ ಗೌರಕ್ಕ ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಕಾಲು ತೊಳೆದು, ತಮ್ಮ ಅವ್ವನ ಆರೋಗ್ಯ ವಿಚಾರಿಸಿ, ಇನ್ನೂ ಚಹಾದ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದರು:

“ಕಾರ್ಡಿಗೆ ಸೀರಿ ತಂದಿಯಂತಲ್ಲ. ತಗಿ ನೋಡೂನು.”

“ಫಾಲಿಗೆ ಕೊಟ್ಟೀನಿ ಅಕ್ಕಾ.”

“ಯಾರ ಹತ್ರ?”

“ಹಾಲಮ್ಮಕ್ಕನ ಹತ್ರ.”

ಗೌರಕ್ಕ ನನ್ನನ್ನೇ ಒಂದು ಗಳಿಗೆ ನೋಡಿದರು. “ಇವತ್ತು ಇರ್ತೀನಿ. ನಾಳಿಗಿ ನೋಡಿಕೊಂಡ ಹೋಗ್ತೀನಿ” ಎಂದರು.

ಹೂವು ತರುವ ನೆಪದಲ್ಲಿ ಓಡಿದೆ. ಹಾಲಮ್ಮಕ್ಕನ ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೂವಿನ ಮುದುಕಿಗೆ, ಬಂದ ಕೂಡಲೇ ಗೌರಕ್ಕ ಬಂದಾರಂತ ಹೇಳು, ಇಷ್ಟೇ ಹೇಳು ಎಂದು ಬೇಡಿಕೊಂಡು ಬಂದೆ. ಆ ದಿನ ಹೇಗೆ ಕಳೆಯಿತೋ ನನಗೆ ತಿಳಿಯದು. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೆನಂತೆ. ದಾವಣಗೆರೆಯಿಂದ ಬರುವ ಒಂದೇ ಹೆಂಗಸಿನ ಕೈಯಲ್ಲಿ ನನ್ನ ಎರಡು ತೀರ್ಪುಗಳಿದ್ದವು. ಸೀರೆಯ ವಿಷಯದಲ್ಲಿ ಸಿಕ್ಕಿಬಿದ್ದರೆ ಮಾನ ಹೋಗುತ್ತಿತ್ತು, ಖಣ ಬಾರದಿದ್ದರೆ ಜೀವ. ಸಂಜೆಯಾಗುತ್ತ ಬಂದಂತೆ, ಸೀರೆ ಹಾಳಾಗಿ ಹೋಗಲಿ, ಖಣ ಒಂದು ಬರಲಿ ಎಂದು ದೇವರ ಮುಂದೆ ನಿಂತೆ.

ದೀಪ ಹಚ್ಚುವ ಹೊತ್ತಿಗೆ ಹಾಲಮ್ಮಕ್ಕ ಬಂದಳು. ಬಸ್ಸಿನ ಧೂಳು ಇನ್ನೂ ಮುಖದ ಮೇಲಿತ್ತು. ಬಗಲಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಬೇರೆಯಾಗಿ ಆ ಸೀರೆ. “ಫಾಲ್ ಆತು ನೋಡವ್ವ” ಎಂದು ಸೀರೆ ಕೊಟ್ಟು ಕಂಬಕ್ಕೆ ಒರಗಿ ಕೂತು ನೀರು ಕೇಳಿದಳು. ನಾನು ಅವಳ ಮುಖ ನೋಡಿದೆ. ಅವಳು ಗೌರಕ್ಕನ ಕೈಯನ್ನೇ ನೋಡುತ್ತಿದ್ದಳು. ಖಣದ ಮಾತೇ ಇಲ್ಲ.

ಗೌರಕ್ಕ ಸೀರೆಯನ್ನು ಮಡಿಲಲ್ಲಿ ಬಿಚ್ಚಿದರು. ಅಂಚು ನೋಡಿದರು, ಸೆರಗು ನೋಡಿದರು, ಒಳಸೆರಗನ್ನು ಹೊರಳಿಸಿ ಮೂಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಸುಮಾರು ಹೊತ್ತು ಬೆರಳು ಅಲ್ಲೇ ಇತ್ತು. ಆಮೇಲೆ ಬಂದ ಮಡಿಕೆಯಲ್ಲೇ ನೀಟಾಗಿ ಮಡಚಿದರು.

“ಚಲೋ ಐತಿ. ಎಣ್ಣಿ ಕೈ ತಾಗಿಸಬ್ಯಾಡ. ಜ್ವಾಕಿಲೆ ಇಟ್ಕೊ” ಎಂದು ನನ್ನ ಕೈಗಿತ್ತರು.

ಒಂದು ಕಂಟಕ ಕಳೆಯಿತು. ಇನ್ನೊಂದು ಉಳಿದಿತ್ತು. ನೀರಿನ ಚೊಂಬು ಕೊಡುವಾಗ ಕಣ್ಣಲ್ಲೇ ಕೇಳಿದೆ. ಹಾಲಮ್ಮಕ್ಕ ಗಟಗಟ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು, “ಬರ್ತೀನವ್ವ, ಹೊತ್ತಾತು” ಎಂದು ಎದ್ದೇಬಿಟ್ಟಳು. ಮುಗಿಯಿತು, ಚಿಕ್ಕವ್ವನ ಹಾದಿಯೇ ನನ್ನದೂ ಎಂದುಕೊಂಡೆ. ಗೋಡೆ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ನಮ್ಮ ಅತ್ತೆ, “ಏ ಹಾಲಮ್ಮ, ಗಂಟು ಬಿಚ್ಚದ ಹೊಂಟಿಯಲ್ಲ, ಏನು ತಂದಿ ತೋರ್ಸು” ಎಂದು ಗಂಟಿನ ತುದಿ ಎಳೆದರು. ಎಲ್ಲಕ್ಕಿಂತ ಮೇಲೆ ಹಸಿರು ಖಣ ಇತ್ತು. ಎಳೆ ಹುಣಸೆ ಎಲೆಯ ಹಸಿರು.

“ಅಯ್ಯ ಯಕ್ಕಾ, ಅದು ನಿಮ್ಮ ಸೊಸಿ ಹೇಳಿದ್ದರಿ” ಎಂದಳು ಹಾಲಮ್ಮಕ್ಕ, ಈಗಷ್ಟೇ ನೆನಪಾದವಳ ಹಾಗೆ.

“ಆಕಿಗೆ ಮತ್ತೊಂದು ತಂದ್ಕೊಡು. ಇದು ನನಗಿರ್ಲಿ” ಎಂದು ಅತ್ತೆ ಖಣವನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

ನಾನು ಅಡಿಗೆಮನೆಗೆ ಹೋಗಿ, ಒಲೆಯ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ, ಅತ್ತುಬಿಟ್ಟೆ. ಎರಡರಲ್ಲಿ ಯಾವುದು ಮೊದಲು ಬಂತೋ ಗೊತ್ತಿಲ್ಲ. ಮರುದಿನ ಹೋದಾಗ ಹಾಲಮ್ಮಕ್ಕ ನನ್ನ ಕೈ ಹಿಡಿದುಕೊಂಡು ತಪ್ಪಾಯಿತೆಂದು ಬೇಡಿಕೊಂಡಳು. “ಸೀರಿ ಹೆದರಿಕ್ಯಾಗ ಖಣ ಮರತೆ ಯವ್ವ. ಬಸ್ಸಿನ್ಯಾಗ ಬರೋತನಾ ಅದನ್ನ ಜಪ ಮಾಡಿಕೊಂಡು ಬಂದಿದ್ದೆ. ಬರೇ ಕೊಬ್ಬಿನ ಗಂಟಂತ. ಬಿಟ್ರೂ ನಡೀತೈತಂತ. ನರ್ಸಮ್ಮಗ ಇನ್ನೊಮ್ಮಿ ಹೇಳು, ಇನ್ನೊಮ್ಮಿ ಹೇಳು ಅಂತ ಕೇಳಿ ಬೈಸ್ಕೊಂಡು ಬಂದೀನಿ.”

ನಾಲ್ಕಾರು ವರ್ಷಗಳಲ್ಲಿ ಆ ಕಾರ್ಡುಗಳ ಕಾಲ ಮುಗಿಯಿತು. ಜನ ಕವರಿನಲ್ಲಿ ರೊಕ್ಕ ಇಟ್ಟು ಕೊಡತೊಡಗಿದರು. ಹಾಲಮ್ಮಕ್ಕನ ಕಣ್ಣು ಮಂಜಾಗಿ ಫಾಲ್ ಹಚ್ಚುವುದೂ ನಿಂತಿತು. ನಾನು ಹೋದಾಗಲೆಲ್ಲ ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ, “ಈಗೇನೂ ಇಲ್ಲಲ್ಲವ್ವ?” ಎಂದು ಕೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕಡೆಯ ಸಲ ಹೋದಾಗಲೂ ಅದನ್ನೇ ಕೇಳಿದ್ದಳು. ನನ್ನ ಎರಡನೆಯ ಮಗು ಅವಳ ತೊಡೆಯ ಮೇಲಿತ್ತು.

ಅವಳು ತೀರಿಕೊಂಡ ಕೆಲವು ದಿನಗಳಿಗೆ ಮಗಳು ಮನೆ ಖಾಲಿ ಮಾಡಲು ಕೂಡ್ಲಿಗಿಯಿಂದ ಬಂದಳು. ಓಣಿಯ ಹೆಂಗಸರು ಸೇರಿದ್ದರು. ನಾನೂ ಹೋಗಿದ್ದೆ, ಊರಿಗೆ ಬಂದಿದ್ದ ಗೌರಕ್ಕ ತಾವಾಗಿಯೇ ನನ್ನ ಜೊತೆಗೆ ಹೊರಟು ಬಂದಿದ್ದರು. ಮಗಳು ಟ್ರಂಕು ತೆರೆದು ಒಂದೊಂದೇ ಹೊರಗಿಡುತ್ತ, ತಳದಲ್ಲಿದ್ದ ಸೀರೆಯನ್ನು ಎತ್ತಿದಳು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಹಸಿರು ಅಂಚು.

“ಇದು ಯಾರದಿರಬಹುದು? ಅವ್ವ ಇದನ್ನ ಉಟ್ಟಿದ್ದು ನಾ ಒಂದಿನಾನೂ ಕಂಡಿಲ್ಲ.”

ಒಬ್ಬಾಕೆ ಗೋಡೆ ನೋಡಿದಳು, ಇನ್ನೊಬ್ಬಾಕೆ ಬಳೆ ತಿರುಗಿಸಿಕೊಂಡಳು. ಎಣ್ಣೆ ಅಂಗಡಿಯವರ ಹಿರಿಯ ಸೊಸೆ ಕೂಸಿನ ಮೂಗು ಒರೆಸತೊಡಗಿದಳು. ನಾನೂ ನೆಲ ನೋಡಿದೆ. ಯಾರೊಬ್ಬರೂ ಗೊತ್ತಿಲ್ಲ ಎಂದು ಸಹ ಹೇಳಲಿಲ್ಲ.

“ಅದು ನಂದವ್ವ” ಎಂದರು ಗೌರಕ್ಕ. “ಫಾಲಿಗೆ ಕೊಟ್ಟಿದ್ದೆ. ಒಯ್ಯೋದು ತಡ ಆತು.”

ಮಗಳು ಸೀರೆ ಕೊಟ್ಟಳು. ಹೊರಗೆ ಬಂದು ಓಣಿಯ ತಿರುವು ದಾಟಿದ ಮೇಲೆ ಗೌರಕ್ಕ ಒಳಸೆರಗಿನ ಮೂಲೆ ಹುಡುಕಿ, ಹಳದಿ ದಾರದ ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟು ನನಗೆ ತೋರಿಸಿದರು.

“ಅವತ್ತು ಇದನ್ನ ನೋಡಿದ ಕೂಡ್ಲೇ ಗೊತ್ತಾತು. ನನ್ನ ಕಾರ್ಡು ಮಾರೀದಿ ಅಂತ.”

“ಮತ್ತ ಯಾಕ ಕೇಳಲಿಲ್ಲ ಅಕ್ಕಾ?”

“ಮನಿ ಒಕ್ಕಲಾದಾಗ ಬಂದ ಕಾರ್ಡು ನಾನೂ ಮಾರಿದ್ದೆ. ಇದ ಸೀರಿ ನಮ್ಮ ಅತ್ತಿಗೆ ತೋರಿಸಿದ್ದೆ.”

ಅಲ್ಲೇ, ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ, ಗಂಟಿನ ಸಂಗತಿಯನ್ನು ನಮ್ಮ ಮನೆಯವರೊಬ್ಬರಿಗೆ ಮೊದಲ ಸಲ ಹೇಳಿದೆ. ಚಿಕ್ಕವ್ವನ ಸುದ್ದಿಯನ್ನೂ ಹೇಳಿದೆ. ಗೌರಕ್ಕ ಸೀರೆಯನ್ನು ಎದೆಗೊತ್ತಿಕೊಂಡು ಕೇಳುತ್ತ ನಿಂತಿದ್ದರು. ನನ್ನ ಮಾತು ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

“ಆಸ್ಪತ್ರಿಗೆ ಹಾಲಮ್ಮಕ್ಕ ಜೊತಿಗೆ ಬಂದಿದ್ಲಾ?”

“ಬಂದಿದ್ಲು ಅಕ್ಕಾ. ಹೊರಗ ಬೆಂಚಿನ ಮ್ಯಾಲೆ ಕುಂತಿದ್ಲು.”

“ನನಗೂ ಬಂದಿದ್ಲು” ಎಂದರು ಗೌರಕ್ಕ.